ಹಗುರ ಏಲ್ ಮಾಡುವುದು ಹೇಗೆ? ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಕುಡಿಯುವ ನೀರಿನ ಬಗ್ಗೆ ಬರೆಯುವಾಗ, ಮನೆಯಲ್ಲಿ ಬಿಯರ್ ಮಾಡುತ್ತೇನೆ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ನೀರಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಬಿಯರಿನವೇ! ಸರಿ, ಈ ಸಲ ಪೂರ್ತಿ ಅದೇ ಆಗಲಿ. ಏಲ್ ಅಂದರೆ ಬಿಯರಿನ ಒಂದು ಬಗೆ. ಹೊಸ ಓದುಗರಿಗೆ ನನ್ನ ಪರಿಚಯ: ಊರು ತಿಪಟೂರು. ಈಗಿರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಹಾಗಾಗಿ ಅಲ್ಲಲ್ಲಿ ಲ್ಯಾಬ್ ಮಾತು ನುಸುಳುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಮಕ್ಕಳು ನನಗೆ ಬಿಯರ್ ಮಾಡುವ ಕಿಟ್ ಕೊಡಿಸಿದ್ದಾರೆ. ನನ್ನ ಹೆಂಡತಿಗೆ ಐಪಿಎ ಅನ್ನುವ ಬಿಯರಿನ ಕಹಿ ಆಗಿಬರುವುದಿಲ್ಲ. ಬಿಸಿಲಲ್ಲಿ ಅಂಗಳದ ಹುಲ್ಲು ಕತ್ತರಿಸಿ ಬಂದು ಕುಡಿಯುವಂಥ ಹಗುರವಾದದ್ದು ಹೇಳಿ. ಮಾಲ್ಟ್ ಕಡಿಮೆ ಹಾಕಿದರೆ ಹಗುರ ಆಗುತ್ತದಾ? ಇಡ್ಲಿ ಹಿಟ್ಟಿನ ಹಾಗೆ ಬೆಚ್ಚಗಿನ ಜಾಗದಲ್ಲಿ ಇಡಬೇಕಾ?
— ಹ್ಯೂಸ್ಟನ್‌ನ ಓದುಗರು

ಉತ್ತರ: ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕಡಿಮೆ ಹಾಕಿದರೆ ಹಗುರ ಆಗುವುದಿಲ್ಲ, ನೀರುನೀರು ಆಗುತ್ತದೆ. ಕುಡಿದ ಮೇಲೆ ನಾಲಿಗೆಗೆ ಸಿಹಿ ಅಂಟಿಕೊಂಡು ನಿಲ್ಲಬಾರದು, ಇನ್ನೊಂದು ಗುಟುಕು ಬೇಕು ಅನ್ನಿಸಬೇಕು. ನಾನು ಹಗುರ ಅನ್ನುವುದು ಅದಕ್ಕೆ. ಯೀಸ್ಟ್ ತಿನ್ನಬಹುದಾದ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದಾಗ ಅದು ಬರುತ್ತದೆ. ನಿಮ್ಮ ಕೆಲಸ ಎರಡೇ: ಯೀಸ್ಟ್‌ಗೆ ತಿನ್ನಲು ಸುಲಭವಾದ ಸಕ್ಕರೆ ಮಾಡಿಕೊಡುವುದು, ಅದು ತಿನ್ನುವಾಗ ತಂಪಾಗಿ ಇಡುವುದು.

ನಿಮಗೆ ಕ್ರೀಮ್ ಏಲ್ ಸರಿಹೋಗುತ್ತದೆ. ಹೆದರಬೇಡಿ, ಅದರಲ್ಲಿ ಹಾಲೂ ಇಲ್ಲ, ಕೆನೆಯೂ ಇಲ್ಲ. 19ನೇ ಶತಮಾನದಲ್ಲಿ ಜರ್ಮನಿಯಿಂದ ಬಂದವರು ಅಮೆರಿಕದಲ್ಲಿ ಲಾಗರ್ (ಏಲ್‌ಗಿಂತ ತಂಪಿನಲ್ಲಿ ಹುದುಗಿಸುವ ಬಿಯರ್) ಮಾಡಿ ಮಾರತೊಡಗಿದರು. ಜನ ಅದಕ್ಕೆ ಮುಗಿಬಿದ್ದರು. ಇಲ್ಲಿಯ ಏಲ್ ಮಾಡುವವರು ತಮ್ಮ ಗಿರಾಕಿಗಳನ್ನು ಉಳಿಸಿಕೊಳ್ಳಲು ತೆಳು ಬಣ್ಣದ, ಕಹಿ ಕಡಿಮೆ ಇರುವ ಏಲ್ ಮಾಡಿದರು. ನಮ್ಮ ರಾಚೆಸ್ಟರ್‌ನ ಜೆನಸೀ ಕಂಪನಿ 1960ರಿಂದ ಕ್ರೀಮ್ ಏಲ್ ಮಾಡುತ್ತಿದೆ. ಆ ಹಸಿರು ಕ್ಯಾನ್ ಇಲ್ಲಿಯ ಅಂಗಡಿಗಳಲ್ಲೆಲ್ಲ ಕಾಣುತ್ತದೆ. ಬೆಲೆ ಕಡಿಮೆ ಅಂತ ಮೂಗು ಮುರಿಯುವವರೂ ಇದ್ದಾರೆ. ಮುರಿಯಲಿ ಬಿಡಿ.

ಇದರಲ್ಲಿ ಬಾರ್ಲಿ ಮಾಲ್ಟ್ ಜೊತೆಗೆ ಮೆಕ್ಕೆಜೋಳ ಹಾಕುತ್ತಾರೆ. ದುಡ್ಡು ಉಳಿಸಲು ಹಾಕುತ್ತಾರೆ ಅನ್ನುವುದು ಅರ್ಧ ಸತ್ಯ. ಅಮೆರಿಕದಲ್ಲಿ ಆಗ ಬೆಳೆಯುತ್ತಿದ್ದ ಆರು ಸಾಲಿನ ತೆನೆಯ ಬಾರ್ಲಿಯಲ್ಲಿ ಪ್ರೋಟೀನ್ ಜಾಸ್ತಿ, ಪಿಷ್ಟ ಒಡೆಯುವ ಕಿಣ್ವವೂ ಜಾಸ್ತಿ. ಅದೊಂದರಿಂದಲೇ ಮಾಡಿದರೆ ಬಿಯರ್ ಮಬ್ಬಾಗುತ್ತದೆ, ಭಾರ ಅನ್ನಿಸುತ್ತದೆ. ಜೋಳದಲ್ಲಿ ಕಿಣ್ವ ಇಲ್ಲ, ಆದರೆ ಪಿಷ್ಟ ಬೇಕಾದಷ್ಟಿದೆ. ಬಾರ್ಲಿಯ ಕಿಣ್ವ ಜೋಳದ ಪಿಷ್ಟವನ್ನೂ ಸಕ್ಕರೆ ಮಾಡುತ್ತದೆ. ಪ್ರೋಟೀನ್ ಪಾಲು ಕಡಿಮೆಯಾಗುತ್ತದೆ, ಬಿಯರ್ ತಿಳಿಯಾಗುತ್ತದೆ.

ಈಗ ಅಳತೆ. 19 ಲೀಟರ್ ಬಿಯರ್‌ಗೆ ಎರಡು ಸಾಲಿನ ಬಾರ್ಲಿಯ ಪೇಲ್ ಮಾಲ್ಟ್ 3.2 ಕಿಲೋ, ಫ್ಲೇಕ್ಡ್ ಮೇಜ್ ಅಂತ ಸಿಗುವ ಚಪ್ಪಟೆ ಮಾಡಿದ ಜೋಳ 700 ಗ್ರಾಂ. ಮಾಲ್ಟನ್ನು ಅಂಗಡಿಯಲ್ಲೇ ಒಡೆಸಿಕೊಳ್ಳಿ. ಹಿಟ್ಟಾಗಬಾರದು, ಕಾಳು ಬಿರಿದು ಸಿಪ್ಪೆ ಉಳಿದರೆ ಸಾಕು. ಜೋಳವನ್ನು ಒಡೆಸಬೇಕಿಲ್ಲ. 28 ಲೀಟರ್ ನೀರನ್ನು 68 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಪಾತ್ರೆಯೊಳಗೆ ದೊಡ್ಡ ಜಾಲರಿ ಬಟ್ಟೆಯ ಚೀಲ ಇಳಿಬಿಟ್ಟು, ಕಾಳೆಲ್ಲ ಅದರೊಳಗೆ ಸುರಿದು, ಗಂಟಾಗದಂತೆ ಕಲಸಿ. ಶಾಖ 65ಕ್ಕೆ ಬಂದು ನಿಲ್ಲುತ್ತದೆ. ಮುಚ್ಚಿ, ಕಂಬಳಿ ಹೊದಿಸಿ, ಒಂದೂಕಾಲು ಗಂಟೆ ಬಿಡಿ.

ಈ 65 ಡಿಗ್ರಿಯಲ್ಲೇ ಎಲ್ಲ ಇರುವುದು. ಮಾಲ್ಟ್‌ನಲ್ಲಿ ಎರಡು ಕಿಣ್ವಗಳು ದುಡಿಯುತ್ತವೆ. ಬೀಟಾ ಅಮೈಲೇಸ್ ಪಿಷ್ಟದ ಸರಪಳಿಯನ್ನು ತುದಿಯಿಂದ ಕತ್ತರಿಸಿ ಮಾಲ್ಟೋಸ್ ಮಾಡುತ್ತದೆ, ಅದು ಯೀಸ್ಟ್‌ಗೆ ಇಷ್ಟ. 60ರಿಂದ 65 ಡಿಗ್ರಿ ಅದಕ್ಕೆ ಹಿತ. ಆಲ್ಫಾ ಅಮೈಲೇಸ್ ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ, 70ರ ಆಸುಪಾಸಿನಲ್ಲಿ ಜೋರು. ಶಾಖ 70ಕ್ಕೆ ಹೋದರೆ ಬೀಟಾ ಬೇಗ ಸಾಯುತ್ತದೆ, ಯೀಸ್ಟ್ ತಿನ್ನಲಾಗದ ಉದ್ದುದ್ದ ತುಣುಕುಗಳು ಉಳಿಯುತ್ತವೆ, ಬಿಯರ್ ದಪ್ಪ ಆಗುತ್ತದೆ. ಅದೇ ಕಾಳು, ಅದೇ ನೀರು, ಐದು ಡಿಗ್ರಿಗೆ ಬೇರೆಯೇ ಬಿಯರ್. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಒಳ್ಳೆಯ ಥರ್ಮಾಮೀಟರ್‌ಗೆ ಮಾಡಿ.

ಆಮೇಲೆ ಚೀಲ ಎತ್ತಿ ರಸ ಇಳಿಯಲು ಬಿಟ್ಟು, ರಸವನ್ನು ಒಂದು ಗಂಟೆ ಮುಚ್ಚಳ ಹಾಕದೆ ಕುದಿಸಿ. ಕುದಿ ಬಂದಾಗ ವಿಲ್ಲಮೆಟ್ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಒಣ ಹೂವು) 25 ಗ್ರಾಂ, ಒಲೆ ಆರಿಸಲು ಐದು ನಿಮಿಷ ಇರುವಾಗ ಇನ್ನು 10 ಗ್ರಾಂ. ಕಹಿ ಸುಮಾರು 17 ಐಬಿಯು ಬರುತ್ತದೆ (ಐಬಿಯು ಅಂದರೆ ಬಿಯರಿನ ಕಹಿಯ ಅಳತೆ). ಐಪಿಎಯಲ್ಲಿ 40 ದಾಟುವುದು ಸಾಮಾನ್ಯ, ಹಾಗಾಗಿ ನಿಮ್ಮ ಮನೆಯವರಿಗೆ ತೊಂದರೆಯಿಲ್ಲ. ರಸವನ್ನು ಬೇಗ ತಣ್ಣಗಾಗಿಸಿ, ಬಕೆಟ್‌ಗೆ ಸುರಿದು, ಚೆನ್ನಾಗಿ ಅಲ್ಲಾಡಿಸಿ, ಯುಎಸ್-05 ಯೀಸ್ಟ್ ಒಂದು ಪೊಟ್ಟಣ ಉದುರಿಸಿ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೊದಲಿಗೆ 1.044 ತೋರಿಸಬೇಕು, ಕೊನೆಗೆ 1.008ರ ಹತ್ತಿರ ಬರಬೇಕು. ಮೊದಲಿನ ಅಂಕಿಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿ: ಆಲ್ಕೋಹಾಲ್ ಶೇಕಡ 4.7. ಅಡುಗೆಮನೆಯ ಒಲೆಗೆ 28 ಲೀಟರ್ ಕುದಿಸುವ ಶಕ್ತಿ ಇಲ್ಲದಿದ್ದರೆ ಎಲ್ಲವನ್ನೂ ಅರ್ಧ ಮಾಡಿ.

ಇನ್ನು ಇಡ್ಲಿ ಹಿಟ್ಟು. ಅದಕ್ಕೂ ಇದಕ್ಕೂ ಪೂರ್ತಿ ಉಲ್ಟಾ. ಹಿಟ್ಟನ್ನು ಉಬ್ಬಿಸುವುದರಲ್ಲಿ ಬ್ಯಾಕ್ಟೀರಿಯಾದ ಪಾಲು ದೊಡ್ಡದು, 30 ಡಿಗ್ರಿ ಸೆಕೆ ಅವಕ್ಕೆ ಹಬ್ಬ. ಏಲ್ ಯೀಸ್ಟ್ ಆ ಸೆಕೆಯಲ್ಲೂ ಕೆಲಸ ಮಾಡುತ್ತದೆ, ಆದರೆ ಹಣ್ಣಿನ ವಾಸನೆ, ತಲೆ ಹಿಡಿಯುವ ಖಾರದ ಸ್ಪಿರಿಟ್‌ಗಳನ್ನು ಬಿಡುತ್ತದೆ. ಕಪ್ಪು ಬಿಯರ್‌ನಲ್ಲಿ ಅದು ಮುಚ್ಚಿಹೋಗಬಹುದು. ಹಗುರ ಬಿಯರ್‌ನಲ್ಲಿ ಮುಚ್ಚಲು ಏನೂ ಇರುವುದಿಲ್ಲ. 18 ಡಿಗ್ರಿಯಲ್ಲಿ ಇಡಿ. ನಿಮ್ಮ ಹ್ಯೂಸ್ಟನ್‌ನಲ್ಲಿ ಎಸಿ ಹಾಕಿದ ಮನೆಯೂ 24-25 ಇರುತ್ತದೆ, ಬಕೆಟ್ ಒಳಗೆ ಇನ್ನೂ ಎರಡು ಮೂರು ಡಿಗ್ರಿ ಜಾಸ್ತಿ, ಯಾಕೆಂದರೆ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಒದ್ದೆ ಬಟ್ಟೆ ಸುತ್ತುವ ಉಪಾಯ ನಿಮ್ಮ ಊರಿನ ತೇವದ ಗಾಳಿಯಲ್ಲಿ ಅಷ್ಟಾಗಿ ನಡೆಯುವುದಿಲ್ಲ. ದೊಡ್ಡ ಟಬ್‌ನಲ್ಲಿ ನೀರು ತುಂಬಿ, ಬಕೆಟ್ ಅದರಲ್ಲಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ಐಸ್ ಬಾಟಲಿ ಬದಲಿಸಿ. ಮೊದಲ ನಾಲ್ಕೈದು ದಿನ ಇದು ಮುಖ್ಯ. ಆಮೇಲೆ 20-21ಕ್ಕೆ ಏರಿದರೆ ಒಳ್ಳೆಯದೇ, ಬೆಣ್ಣೆ ವಾಸನೆಯಂಥದ್ದು ಉಳಿದಿದ್ದರೆ ಯೀಸ್ಟ್ ಅದನ್ನೂ ತಿಂದುಬಿಡುತ್ತದೆ.

ಪ್ರಶ್ನೆ: ಅಕ್ಕಾ, ಚಪ್ಪಟೆ ಜೋಳ ನಮ್ಮ ಕಡೆ ಸಿಗಲಿಲ್ಲ. ಇಂಡಿಯನ್ ಸ್ಟೋರ್‌ನ ಅವಲಕ್ಕಿ ಹಾಕಬಹುದಾ? ನಗಬೇಡಿ.
— ಸಿಯಾಟಲ್

ಉತ್ತರ: ನಗುವುದು ಯಾಕೆ? ಒಳ್ಳೆಯ ಪ್ರಶ್ನೆ. ಧಾರಾಳವಾಗಿ ಹಾಕಿ. ಹಸಿ ಅಕ್ಕಿಯನ್ನೋ ಹಸಿ ಜೋಳದ ರವೆಯನ್ನೋ ಹಾಗೇ ಸುರಿದರೆ 65 ಡಿಗ್ರಿಯಲ್ಲಿ ಅವುಗಳ ಪಿಷ್ಟ ಸರಿಯಾಗಿ ಬೇಯುವುದಿಲ್ಲ, ಕಿಣ್ವಕ್ಕೆ ಸಿಗುವುದಿಲ್ಲ. ಮೊದಲು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಬೇಕು. ಅವಲಕ್ಕಿ ಹಾಗಲ್ಲ. ಭತ್ತ ನೆನೆಸಿ, ಹುರಿದು, ಬಡಿದು ಮಾಡಿದ್ದು. ಪಿಷ್ಟ ಆಗಲೇ ಬೆಂದಿರುತ್ತದೆ. ಅದಕ್ಕೇ ಅಲ್ವಾ ನೀರು ಚಿಮುಕಿಸಿದರೆ ಸಾಕು, ತಿನ್ನಬಹುದು. ಜೋಳದಷ್ಟೇ ತೂಕ, 700 ಗ್ರಾಂ ಹಾಕಿ. ತೆಳು ಅವಲಕ್ಕಿಯಾದರೆ ಬೇಗ ಕರಗುತ್ತದೆ. ಒಗ್ಗರಣೆಗೆ ಅಂತ ಮಸಾಲೆ ಸೇರಿಸಿ ಮಾರುವ ಪೊಟ್ಟಣ ತರಬೇಡಿ, ಅಷ್ಟೇ.

ರುಚಿಯಲ್ಲಿ ವ್ಯತ್ಯಾಸ ಇದೆ. ಜೋಳ ಕೊನೆಯಲ್ಲಿ ಒಂದು ಚೂರು ಸಿಹಿಯ ನೆನಪು ಬಿಡುತ್ತದೆ. ಅಕ್ಕಿ ಏನೂ ಬಿಡುವುದಿಲ್ಲ, ಬಾಯಿ ಚೊಕ್ಕ. ನನಗೆ ಜೋಳವೇ ಇಷ್ಟ. ನನ್ನ ಯಜಮಾನರಿಗೆ ಅವಲಕ್ಕಿಯದು. ಬಕೆಟ್ ತೊಳೆಯುವವಳು ನಾನಾದ್ದರಿಂದ ಜೋಳದ್ದೇ ಜಾಸ್ತಿ ಸಲ ಆಗುತ್ತದೆ. ಇನ್ನೊಂದು ಮಾತು, ಬೆಲ್ಲ ಹಾಕಬಹುದಾ ಅಂತ ಇನ್ನಿಬ್ಬರು ಕೇಳಿದ್ದಾರೆ. ಹಾಕಿದರೆ ಕೆಡುವುದಿಲ್ಲ. ಆದರೆ ಬಣ್ಣ ಕಂದಾಗುತ್ತದೆ, ಬೆಲ್ಲದ ಘಾಟು ಉಳಿಯುತ್ತದೆ. ಇನ್ನಷ್ಟು ಹಗುರ ಬೇಕಿದ್ದರೆ ಮಾಮೂಲಿ ಸಕ್ಕರೆ ಕಾಲು ಕಿಲೋ ಕುದಿಯುವಾಗ ಹಾಕಿ, ಅದಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ನನ್ನ ಬಿಯರ್ ಬ್ಯಾಂಡೇಜ್ ಪಟ್ಟಿಯ ವಾಸನೆ ಬರುತ್ತಿದೆ. ಪಾತ್ರೆಯನ್ನೆಲ್ಲ ಬ್ಲೀಚ್ ಹಾಕಿ ಚೆನ್ನಾಗಿ ತೊಳೆದಿದ್ದೆ. ನಲ್ಲಿ ನೀರೇ ಬಳಸಿದೆ. ತಪ್ಪು ಎಲ್ಲಿ?
— ಡೆನ್ವರ್

ಉತ್ತರ: ನೀವು ಹೇಳಿದ ಎರಡೂ ವಿಷಯದಲ್ಲಿ ಕ್ಲೋರಿನ್ ಇದೆ. ಅದು ಮಾಲ್ಟ್ ಮತ್ತು ಯೀಸ್ಟ್‌ನಿಂದ ಬರುವ ಫೀನಾಲ್ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಎಷ್ಟು ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುವ ವಸ್ತು ಅದು. ಎಷ್ಟು ದಿನ ಇಟ್ಟರೂ ಹೋಗುವುದಿಲ್ಲ. ಚೆಲ್ಲಿಬಿಡಿ.

ಮುಂದಿನ ಸಲ ಬ್ಲೀಚ್ ಬಿಡಿ. ಸ್ಟಾರ್ ಸ್ಯಾನ್ ಅಂತ ಸೂಕ್ಷ್ಮಾಣು ಕೊಲ್ಲುವ ಆಮ್ಲದ ದ್ರಾವಣ ಸಿಗುತ್ತದೆ, ಹೇಳಿದ ಅಳತೆಗೆ ಬೆರೆಸಿದರೆ ಮತ್ತೆ ತೊಳೆಯಬೇಕಿಲ್ಲ. ನೊರೆ ಉಳಿದರೂ ಪರವಾಗಿಲ್ಲ. ಆದರೆ ಅದು ಕೊಳೆ ತೆಗೆಯುವುದಿಲ್ಲ. ಮೊದಲು ಉಜ್ಜಿ ತೊಳೆದಿರಬೇಕು.

ನಲ್ಲಿ ನೀರಿನ ಕ್ಲೋರಿನ್ ರಾತ್ರಿಯಿಡೀ ತೆರೆದಿಟ್ಟರೆ ಅಥವಾ ಕುದಿಸಿದರೆ ಹೋಗುತ್ತದೆ. ಈಗ ಅನೇಕ ಊರುಗಳಲ್ಲಿ ಅದರ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ಕೊಳವೆಯಲ್ಲಿ ಜಾಸ್ತಿ ದಿನ ಉಳಿಯಲಿ ಅಂತಲೇ ಹಾಕುವುದು, ಹಾಗಾಗಿ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಕ್ಯಾಂಪ್ಡನ್ ಮಾತ್ರೆ ಅಂತ ವೈನ್ ಮಾಡುವವರು ಬಳಸುತ್ತಾರೆ. ಅರ್ಧ ಮಾತ್ರೆ ಪುಡಿ ಮಾಡಿ 28 ಲೀಟರ್ ನೀರಿಗೆ ಕಲಕಿ. ಕೆಲವೇ ನಿಮಿಷದಲ್ಲಿ ಎರಡೂ ಮಾಯ. ನಿಮ್ಮ ಊರಿನ ನೀರು ಸರಬರಾಜು ಮಾಡುವವರು ವರ್ಷಕ್ಕೊಮ್ಮೆ ವರದಿ ಹೊರಡಿಸುತ್ತಾರೆ, ಯಾವುದು ಹಾಕುತ್ತಾರೆ ಅಂತ ಅದರಲ್ಲಿ ಬರೆದಿರುತ್ತದೆ. ಆ ವರದಿಗೆ ಅಂಕಿ ತುಂಬುತ್ತಾ ಜೀವಮಾನ ಕಳೆದವಳು ನಾನು. ಒಬ್ಬರಾದರೂ ಓದಲಿ. ನಮ್ಮ ರಾಚೆಸ್ಟರ್‌ಗೆ ಹೆಮ್ಲಾಕ್, ಕ್ಯಾನಡೈಸ್ ಅಂತ ಎರಡು ಕೆರೆಗಳ ನೀರು ಬರುತ್ತದೆ, ಗಡಸು ಅಷ್ಟಿಲ್ಲ, ತೆಳು ಬಣ್ಣದ ಬಿಯರ್‌ಗೆ ಹೇಳಿ ಮಾಡಿಸಿದ್ದು. ಇಷ್ಟು ಜಂಬ ಇರಲಿ.

ಪ್ರಶ್ನೆ: ಪಿಲ್ಸ್‌ನರ್ ಮಾಲ್ಟ್‌ನಲ್ಲಿ ಮಾಡಿದೆ. ಗ್ಯಾಸ್ ಉಳಿಸಲು ಮುಚ್ಚಳ ಹಾಕಿ ಕುದಿಸಿದೆ, ರಾತ್ರಿ ಹಾಗೇ ಆರಲು ಬಿಟ್ಟೆ. ಈಗ ಡಬ್ಬಿ ಜೋಳದ ವಾಸನೆ. ಜೋಳವನ್ನೇ ಹಾಕಿಲ್ಲ!
— ಮಿಲ್ವಾಕಿ

ಉತ್ತರ: ಅದು ಡೈಮೀಥೈಲ್ ಸಲ್ಫೈಡ್. ಪಿಲ್ಸ್‌ನರ್ ಮಾಲ್ಟನ್ನು ಕಡಿಮೆ ಶಾಖದಲ್ಲಿ ಒಣಗಿಸುತ್ತಾರೆ, ಅದರಲ್ಲಿ ಇದರ ಮೂಲವಸ್ತು ಜಾಸ್ತಿ ಉಳಿದಿರುತ್ತದೆ. ಬಿಸಿಯಲ್ಲಿ ಅದು ಸಲ್ಫೈಡ್ ಆಗಿ ಹಬೆಯ ಜೊತೆ ಹಾರಿಹೋಗಬೇಕು. ಮುಚ್ಚಳ ಹಾಕಿದ್ದರಿಂದ ಹನಿಯಾಗಿ ವಾಪಸ್ ಬಿತ್ತು. ರಾತ್ರಿಯಿಡೀ ಬಿಸಿಯಲ್ಲೇ ಇದ್ದದ್ದರಿಂದ ಇನ್ನಷ್ಟು ಹುಟ್ಟಿತು. ಪಿಲ್ಸ್‌ನರ್ ಮಾಲ್ಟ್ ಆದರೆ ಮುಚ್ಚಳ ತೆಗೆದು ಒಂದೂವರೆ ಗಂಟೆ ಕುದಿಸಿ, ತಾಮ್ರದ ಸುರುಳಿ ಕೊಳವೆಯಲ್ಲಿ ತಣ್ಣೀರು ಹರಿಸಿ ಬೇಗ ಆರಿಸಿ. ಈ ಸಲದ್ದನ್ನು ಚೆಲ್ಲಬೇಡಿ. ಕ್ರೀಮ್ ಏಲ್‌ನಲ್ಲಿ ಈ ವಾಸನೆ ಚೂರು ಇದ್ದರೆ ಸ್ಪರ್ಧೆಯ ತೀರ್ಪುಗಾರರೂ ಒಪ್ಪುತ್ತಾರೆ. ಜೋಳ ಹಾಕಿದ್ದೀನಿ ಅಂತ ಹೇಳಿ ಕೊಟ್ಟುಬಿಡಿ.

ಪ್ರಶ್ನೆ: ಗುಳ್ಳೆ ಬರುವುದು ನಿಂತ ಮೇಲೆ ಬಾಟಲಿಗೆ ತುಂಬಿಸಿದೆ. ಹತ್ತು ದಿನಕ್ಕೆ ಎರಡು ಬಾಟಲಿ ಕಪಾಟಿನೊಳಗೇ ಒಡೆದವು. ಉಳಿದವನ್ನು ಮುಟ್ಟಲು ಭಯ.
— ರೆಡಿಂಗ್, ಇಂಗ್ಲೆಂಡ್

ಉತ್ತರ: ಭಯ ಇರಲಿ, ಒಳ್ಳೆಯದು. ದಪ್ಪ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಾಟಲಿಗಳ ಮೇಲೆ ದಪ್ಪ ಟವೆಲ್ ಹೊದಿಸಿ, ಅಲ್ಲಾಡಿಸದೆ ತಣ್ಣನೆಯ ಜಾಗಕ್ಕೆ ಸಾಗಿಸಿ. ಪೂರ್ತಿ ತಣ್ಣಗಾದ ಮೇಲೆ ಒಂದೊಂದೇ ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲಿಸಿ ಗಾಳಿ ಬಿಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಗುಳ್ಳೆ ನಿಂತರೆ ಕೆಲಸ ಮುಗಿಯಿತು ಅಂತಲ್ಲ. ರಾತ್ರಿ ಚಳಿ ಬಿದ್ದರೂ ಗುಳ್ಳೆ ನಿಲ್ಲುತ್ತದೆ, ಮುಚ್ಚಳ ಸರಿಯಾಗಿ ಕೂರದಿದ್ದರೂ ನಿಲ್ಲುತ್ತದೆ. ಹೈಡ್ರೋಮೀಟರ್ ಮಾತ್ರ ನಂಬಿ. ಮೂರು ದಿನ ಬಿಟ್ಟು ನೋಡಿದರೂ ಅದೇ ಅಂಕಿ ಇದ್ದರೆ ಮುಗಿದಿದೆ. ನಿಮ್ಮಲ್ಲಿ ಇನ್ನೂ ಸಕ್ಕರೆ ಉಳಿದಿತ್ತು, ಅದರ ಮೇಲೆ ಗ್ಯಾಸ್ ಹುಟ್ಟಲಿ ಅಂತ ಬಾಟಲಿಗೆ ಹಾಕಿದ ಸಕ್ಕರೆಯೂ ಸೇರಿತು. ಲೀಟರ್‌ಗೆ 6 ಗ್ರಾಂ ಸಕ್ಕರೆ ಸಾಕು. ಬಾಟಲಿ ಬಾಟಲಿಗೆ ಚಮಚದಲ್ಲಿ ಹಾಕಬೇಡಿ. ಒಟ್ಟು ಸಕ್ಕರೆಯನ್ನು ನೀರಲ್ಲಿ ಕುದಿಸಿ, ಬೇರೆ ಬಕೆಟ್‌ಗೆ ಹಾಕಿ, ಅದರ ಮೇಲೆ ಬಿಯರನ್ನು ಗಸಿ ಬರದಂತೆ ಕೊಳವೆಯಲ್ಲಿ ನಿಧಾನ ಇಳಿಸಿ. ಕಂದು ಬಣ್ಣದ, ಬಿಯರ್‌ಗೆಂದೇ ಮಾಡಿದ ದಪ್ಪ ಗಾಜಿನ ಬಾಟಲಿಯೇ ಇರಲಿ. ಬಿಳಿ, ಹಸಿರು ಬಾಟಲಿ ಬಿಸಿಲಲ್ಲಿಟ್ಟರೆ ಹಾಪ್ಸ್‌ನ ಕಹಿ ಅಂಶ ಕೆಟ್ಟು, ಸ್ಕಂಕ್ ಅನ್ನುವ ಪ್ರಾಣಿ ಬಿಡುವಂಥದ್ದೇ ನಾತ ಹೊಡೆಯುತ್ತದೆ.

ಪ್ರಶ್ನೆ: ನಾನೂ ಮಾಡಬಹುದಾ ಮೇಡಂ? ಮಾರುವುದಿಲ್ಲ, ಮನೆಮಟ್ಟಿಗೆ.
— ಮೈಸೂರು

ಉತ್ತರ: ಬೇಡಪ್ಪಾ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತಯಾರಿಸುವುದೇ ಅಪರಾಧ, ಮಾರದಿದ್ದರೂ. ಬೆಂಗಳೂರಿಗೆ ಹೋದಾಗ ಅಲ್ಲಿಯೇ ತಯಾರಿಸಿ ಕೊಡುವ ಬ್ರೂಪಬ್‌ಗಳಲ್ಲಿ ಒಂದು ತೆಳು ಏಲ್ ಕೇಳಿ ಕುಡಿಯಿರಿ.

ಅಮೆರಿಕದಲ್ಲೂ ಇದು ಮೊದಲಿನಿಂದ ಇದ್ದ ಸ್ವಾತಂತ್ರ್ಯ ಅಲ್ಲ. 1933ರಲ್ಲಿ ಪಾನನಿಷೇಧ ಹೋದಾಗ ಮನೆಯಲ್ಲಿ ವೈನ್ ಮಾಡಲು ದಾರಿ ಬಿಟ್ಟರು, ಬಿಯರ್ ಸೇರಿಸಲಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, 1979ರಿಂದ ಅವಕಾಶ ಆಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200. ಮಾರುವಂತಿಲ್ಲ. ಅಲಬಾಮ, ಮಿಸಿಸಿಪ್ಪಿ ರಾಜ್ಯಗಳು 2013ರವರೆಗೂ ಒಪ್ಪಿರಲಿಲ್ಲ. ಬ್ರಿಟನ್‌ನಲ್ಲಿ 1963ರಲ್ಲೇ ಲೈಸೆನ್ಸ್ ರಗಳೆ ತೆಗೆದರು.

ಪ್ರಶ್ನೆ: ಮುಂದಿನ ತಿಂಗಳು ಅತ್ತೆ ಮಾವ ಆರು ತಿಂಗಳಿಗೆ ಬರುತ್ತಿದ್ದಾರೆ. ಬೇಸ್‌ಮೆಂಟ್‌ನಲ್ಲಿ ಬಕೆಟ್ ಇದೆ. ಬಚ್ಚಿಡಲಾ, ಹೇಳಿಬಿಡಲಾ?
— ಎಡಿಸನ್, ನ್ಯೂಜೆರ್ಸಿ

ಉತ್ತರ: ಬಚ್ಚಿಡಲು ಆಗುವುದಿಲ್ಲಮ್ಮ. ರಾತ್ರಿ ಎಲ್ಲ ಮಲಗಿದ ಮೇಲೆ ಬಕೆಟ್ ಬ್ಲುಕ್ ಬ್ಲುಕ್ ಅನ್ನುತ್ತದೆ. ಕುದಿಸುವ ದಿನವಂತೂ ಬೀದಿಯವರೆಗೆ ವಾಸನೆ. ನನ್ನ ಅತ್ತೆ ಮೊದಲ ಸಲ ಇಲ್ಲಿಗೆ ಬಂದಾಗ ಕಾಳು ನೆನೆಯುವ ವಾಸನೆಗೆ ಅಡುಗೆಮನೆಗೆ ಬಂದು "ಗಂಜಿ ಕಾಯಿಸ್ತಿದ್ದೀಯಾ? ಯಾರಿಗೇ ಜ್ವರ?" ಅಂದರು. ಬಿಯರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರ ಮನೆ ಪಾತ್ರೆ ಮುಟ್ಟಿಲ್ಲ ತಾನೆ?" ಅಂತ ಮಾತ್ರ ಕೇಳಿದರು. ಮುಟ್ಟಿರಲಿಲ್ಲ. ನೀವೂ ಬೇರೆ ಪಾತ್ರೆ, ಬೇರೆ ಸೌಟು ಇಟ್ಟುಕೊಳ್ಳಿ, ಅವರು ಬರುವ ಮೊದಲೇ ನಿಮ್ಮ ಗಂಡ ಫೋನಿನಲ್ಲಿ ಅವರಿಗೆ ಹೇಳಲಿ. ನೀವಲ್ಲ, ಅವರು. ಅವರ ಅಪ್ಪ ಅಮ್ಮ ಅಲ್ವಾ?

ಪ್ರಶ್ನೆ: ಹಗುರ ಬಿಯರ್ ತಾನೆ, ಎರಡು ಮೂರು ಕುಡಿದು ಕಾರು ಓಡಿಸಿದರೆ ಏನಂತೆ?
— ಹೆಸರು, ಊರು ಬೇಡ

ಉತ್ತರ: ಬೇಡ ಅಂದದ್ದು ಒಳ್ಳೆಯದಾಯಿತು. ಹಗುರ ಇರುವುದು ನಾಲಿಗೆಗೆ, ರಕ್ತಕ್ಕಲ್ಲ. ಶೇಕಡ 5ರ ಬಿಯರ್ 355 ಮಿಲಿಲೀಟರ್ ಕುಡಿದರೆ 14 ಗ್ರಾಂ ಆಲ್ಕೋಹಾಲ್. ಮೇಲೆ ಹೇಳಿದ ಬಿಯರ್ ಹೆಚ್ಚುಕಡಿಮೆ ಅಷ್ಟೇ. ಸಲೀಸಾಗಿ ಇಳಿಯುವುದರಿಂದ ಎಷ್ಟು ಹೋಯಿತು ಅಂತ ಲೆಕ್ಕ ತಪ್ಪುತ್ತದೆ. ಕುಡಿದ ದಿನ ಕಾರಿನ ಕೀಲಿ ಬೇರೆಯವರ ಕೈಯಲ್ಲಿರಲಿ.

ಪ್ರಶ್ನೆ: ರಸ ಇಳಿಸಿದ ಮೇಲೆ ಇಷ್ಟೊಂದು ಕಾಳು ಉಳಿಯುತ್ತದಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?
— ಟೊರಾಂಟೊ

ಉತ್ತರ: ಒಂದು ಬಟ್ಟಲಷ್ಟು ಎತ್ತಿಟ್ಟು, ಓವನ್‌ನಲ್ಲಿ ಸಣ್ಣ ಶಾಖದಲ್ಲಿ ಗರಿಗರಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ. ಐದು ಪಾಲು ಹಿಟ್ಟಿಗೆ ಒಂದು ಪಾಲು ಸೇರಿಸಿ ರೊಟ್ಟಿ ತಟ್ಟಿ. ಸಿಹಿ ಎಲ್ಲ ಬಿಯರ್‌ಗೆ ಹೋಗಿರುತ್ತದೆ, ನಾರು ಉಳಿದಿರುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಹೊಟ್ಟು ಹಲ್ಲಿಗೆ ಸಿಗುತ್ತದೆ. ಉಳಿದದ್ದು ಗಿಡಗಳ ಗೊಬ್ಬರದ ಗುಂಡಿಗೆ. ಅದೇ ದಿನ ಹಾಕಿ, ಬೇಸಿಗೆಯಲ್ಲಿ ಮಾರನೆ ದಿನಕ್ಕೇ ಹುಳಿ ನಾತ ಬರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಒಂದು ಎಚ್ಚರ: ಕುದಿಸಿದ ಪಾತ್ರೆಯ ತಳದಲ್ಲಿ ಉಳಿಯುವ ಹಾಪ್ಸ್ ಗಸಿ ನಾಯಿಗಳಿಗೆ ವಿಷ. ಮೈ ಕಾವು ಏರಿ ಜೀವಕ್ಕೇ ಅಪಾಯ ಆಗಬಹುದು. ಅದನ್ನು ಗುಂಡಿಗೂ ಹಾಕಬೇಡಿ, ಚೀಲದಲ್ಲಿ ಕಟ್ಟಿ ಮುಚ್ಚಳ ಇರುವ ಕಸದ ಡಬ್ಬಿಗೇ ಹಾಕಿ.